ಅಭಯದಾನಕ್ಕೆ ನಮ್ಮಲ್ಲಿ ಕೊಠಡಿ ಇದೆಯೆ?

ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ದಾನವನ್ನು ನಾಲ್ಕು ಬಗೆಯಾಗಿ ಎಣಿಸುವುದು ನಮ್ಮ ಪರಂಪರೆ. ಮೊದಲ ಮೂರಕ್ಕೆ ನಮ್ಮ ಬಸದಿಗಳಲ್ಲಿ ಲೆಕ್ಕವಿದೆ, ರಶೀದಿಯಿದೆ, ದಾನಿಗಳ ನಾಮಫಲಕವಿದೆ. ನಾಲ್ಕನೆಯದರ ಮಾತೆತ್ತಿದರೆ ಕಸಾಯಿಖಾನೆಯಿಂದ ಬಿಡಿಸಿ ತಂದ ಗೋವುಗಳನ್ನು ತೋರಿಸುತ್ತೇವೆ. ಅದು ಪುಣ್ಯಕಾರ್ಯವೇ ಸರಿ. ಆದರೆ ನಡುರಾತ್ರಿ ಗಂಡನ ಹೊಡೆತಕ್ಕೆ ಹೆದರಿ ತೋಟದ ಬದಿಯಲ್ಲಿ ಮಗುವನ್ನೆತ್ತಿಕೊಂಡು ನಿಂತ ಹೆಣ್ಣುಮಗಳಿಗೆ ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಯಾವ ಧರ್ಮಸಂಸ್ಥೆಯ ಬಾಗಿಲು ತೆರೆದಿರುತ್ತದೆ?

ಈ ಪ್ರಶ್ನೆಯನ್ನು ಅನ್ಯರಿಗೆ ಕೇಳುವ ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ಬಹಳ ವರ್ಷಗಳ ಹಿಂದೆ ಒಂದು ಮನೆಯ ಪಂಚಾಯ್ತಿಕೆಯಲ್ಲಿ ಐವರು ಹಿರಿಯರ ನಡುವೆ ನಾನೂ ಕುಳಿತಿದ್ದೆ. ಆ ಸೊಸೆ ಸೆಖೆಯ ದಿನದಲ್ಲಿಯೂ ಸೆರಗನ್ನು ಮೈತುಂಬ ಹೊದ್ದು ನಿಂತಿದ್ದಳು. ಏಕೆಂದು ನಾವಾರೂ ಕೇಳಲಿಲ್ಲ. “ಹೊಂದಿಕೊಂಡು ಹೋಗಮ್ಮ” ಎಂದು ಬುದ್ಧಿ ಹೇಳಿ, ಕಾಫಿ ಕುಡಿದು ಎದ್ದೆವು. ಎರಡು ತಿಂಗಳಲ್ಲಿ ಆಕೆ ಮುರಿದ ಕೈಯೊಂದಿಗೆ ತವರು ಸೇರಿದಳು. ಕೃತ, ಕಾರಿತ, ಅನುಮೋದನ ಎಂಬ ಮೂರು ದಾರಿಗಳಿಂದಲೂ ಹಿಂಸೆಯ ಪಾಪ ಅಂಟುತ್ತದೆಂದು ಬಾಲ್ಯದಿಂದ ಕೇಳಿದವನು ನಾನು. ಅಂದು ಹೊಡೆದವನು ಒಬ್ಬ, ಅನುಮೋದಿಸಿದವರು ಐವರು.

ಕೌಟುಂಬಿಕ ಹಿಂಸೆಯ ಕಾನೂನು ಪರದೇಶದ ಸರಕು, ನಮ್ಮ ಸಂಸ್ಕೃತಿಗೆ ಒಗ್ಗದು ಎನ್ನುವವರಿದ್ದಾರೆ. ಅವರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ಮತ್ತೊಮ್ಮೆ ತೆರೆಯಲಿ. ಅಹಿಂಸಾಣುವ್ರತಕ್ಕೆ ಅಲ್ಲಿ ಐದು ಅತಿಚಾರಗಳನ್ನು ಹೇಳಿದೆ: ಕಟ್ಟಿಹಾಕುವುದು, ಹೊಡೆಯುವುದು, ಅಂಗಚ್ಛೇದ ಮಾಡುವುದು, ಮಿತಿಮೀರಿ ಹೊರೆ ಹೇರುವುದು, ಅನ್ನಪಾನ ತಡೆಯುವುದು. ಇವನ್ನು ಮೂಕಪ್ರಾಣಿಗಳಿಗೆ ಅನ್ವಯಿಸಿದ ಪ್ರವಚನಗಳನ್ನು ಕೇಳಿ ತಲೆದೂಗಿದ್ದೇವೆ. ಮನೆಯ ಹೆಣ್ಣಿಗೇಕೆ ಅನ್ವಯಿಸಲಿಲ್ಲ? 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿರುವ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಅಧಿನಿಯಮ, 2005, ದೈಹಿಕ, ಲೈಂಗಿಕ, ವಾಚಿಕ-ಮಾನಸಿಕ ಮತ್ತು ಆರ್ಥಿಕ ಹಿಂಸೆಗಳನ್ನು ಹೆಸರಿಸುತ್ತದೆ. ಖರ್ಚಿಗೆ ಕಾಸು ಕೊಡದಿರುವುದು ಅನ್ನಪಾನ ನಿರೋಧವಲ್ಲದೆ ಮತ್ತೇನು? “ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ” ಎಂದು ನಗುವವರು, ಉಣಲಿಕ್ಕದ ಮನೆಯಲ್ಲಿ ಆ ಜಗಳ ಎಲ್ಲಿಯ ತನಕ ಎಂಬುದನ್ನೂ ಹೇಳಬೇಕು.

ತುಳುನಾಡಿನ ಜೈನರಿಗೆ ಇಲ್ಲಿ ಇಮ್ಮಡಿ ನಾಚಿಕೆ. ಅಳಿಯಸಂತಾನ ಕಟ್ಟನ್ನು ಬಹುಕಾಲ ಅನುಸರಿಸಿದವರು ನಾವು; ಆ ಕಟ್ಟಿನಲ್ಲಿ ಹೆಣ್ಣು ತಾಯಿಮನೆಯಲ್ಲಿ ಅತಿಥಿಯಲ್ಲ, ಸಂತಾನದ ಬೇರು. ಸಭೆಗಳಲ್ಲಿ ಇದನ್ನು ಹೆಮ್ಮೆಯಿಂದ ಹೇಳುವವರೇ, ಮರಳಿ ಬಂದ ಮಗಳನ್ನು “ಊರವರು ಏನೆಂದಾರು” ಎಂದು ಗಂಡನ ಮನೆಗೆ ಅಟ್ಟುತ್ತಾರೆ. ನಾವು ಬಿಟ್ಟುಕೊಟ್ಟ ನೆಲೆಯನ್ನು ಕಾನೂನು ಬೇರೊಂದು ರೀತಿಯಲ್ಲಿ ಕೊಟ್ಟಿದೆ. ಕೂಡಿ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕು ಆಕೆಗಿದೆ. ಮನೆ ಅತ್ತೆ-ಮಾವಂದಿರ ಹೆಸರಿನಲ್ಲಿದೆ ಎಂಬ ಒಂದೇ ಕಾರಣಕ್ಕೆ ಆ ಹಕ್ಕು ಅಳಿಯದೆಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ ತೀರ್ಪಿತ್ತಿದೆ.

ಕಾನೂನಿನ ದುರುಪಯೋಗವಾಗುತ್ತದೆ, ಸಂಸಾರ ಒಡೆಯುತ್ತದೆ ಎಂಬುದು ಮತ್ತೊಂದು ಆಕ್ಷೇಪ. ಈ ಅಧಿನಿಯಮ ಮೊದಲಿಗೆ ಯಾರನ್ನೂ ಸೆರೆಮನೆಗೆ ಕಳುಹಿಸುವುದಿಲ್ಲ. ಹೊಡೆಯಬೇಡ, ಹೊರಹಾಕಬೇಡ, ಜೀವನಾಂಶ ಕೊಡು ಎಂದು ಮ್ಯಾಜಿಸ್ಟ್ರೇಟರು ಆದೇಶಿಸುತ್ತಾರೆ. ರಕ್ಷಣಾ ಆದೇಶವನ್ನು ಮೀರಿದರೆ ಮಾತ್ರ ಶಿಕ್ಷೆ. ಇಷ್ಟಕ್ಕೆ ಒಡೆಯುವ ಸಂಸಾರ ಮೊದಲೇ ಒಡೆದಿತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 18ರಿಂದ 49 ವಯಸ್ಸಿನ ವಿವಾಹಿತೆಯರಲ್ಲಿ ಶೇಕಡಾ 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ನಮ್ಮ ಮನೆಗಳು ಈ ಲೆಕ್ಕದಿಂದ ಹೊರಗಿವೆ ಎಂದು ನಂಬಲು ಆಧಾರವೇನು?

ಇನ್ನು ವ್ಯವಸ್ಥೆಯ ಮಾತು. ಕಾಗದದಲ್ಲಿ ಎಲ್ಲವೂ ಇದೆ. ಕರ್ನಾಟಕದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೇ ಸಂರಕ್ಷಣಾಧಿಕಾರಿಯ ಹೊಣೆಯನ್ನು ವಹಿಸಲಾಗಿದೆ. ಅಂಗನವಾಡಿಗಳ ಉಸ್ತುವಾರಿಯೂ ಅವರದೇ. ಪುತ್ತೂರಿನಲ್ಲಿ ಮಹಿಳಾ ಪೊಲೀಸ್ ಠಾಣೆಯಿದೆ. 2015ರಲ್ಲಿ ಆರಂಭವಾದ ‘ಸಖಿ’ ಯೋಜನೆಯಾದರೋ ಜಿಲ್ಲೆಯನ್ನು ಘಟಕವಾಗಿ ಇಟ್ಟುಕೊಂಡದ್ದು; ಸುಳ್ಯದಿಂದ ಮಂಗಳೂರಿಗೆ 80 ಕಿಲೋಮೀಟರಿಗೂ ಮಿಕ್ಕಿದ ದಾರಿ. ನಮ್ಮಲ್ಲಿ ಮನೆಗಳು ಸಾಲುಕೇರಿಯಲ್ಲಿಲ್ಲ. ಅಡಕೆ ತೋಟದ ನಡುವೆ ಒಂಟಿಯಾಗಿವೆ, ಕೂಗಿದರೆ ಕೇಳುವವರಿಲ್ಲ. ಆಟಿಯ ಮಳೆಯಲ್ಲಿ, ಕೊನೆಯ ಬಸ್ಸು ಹೋದ ಮೇಲೆ, ಆ ಮೊದಲ ರಾತ್ರಿಯನ್ನು ಆಕೆ ಎಲ್ಲಿ ಕಳೆಯಬೇಕು? ನಗರಸಭೆಯ, ಇಲಾಖೆಯ ಯಾವ ಯೋಜನೆಯೂ ಮುಟ್ಟದೆ ಉಳಿದ ತಾಸುಗಳು ಇವೇ. ಧರ್ಮಸಂಸ್ಥೆ ಹೆಗಲು ಕೊಡಬೇಕಾದುದು ಇಲ್ಲಿಯೇ.

ಆದುದರಿಂದ ಬಸದಿಗಳ ಆಡಳಿತ ಮೊಕ್ತೇಸರರಲ್ಲಿ ನನ್ನ ಆಗ್ರಹವಿಷ್ಟು. ಬಸದಿಯ ಪ್ರಾಕಾರದ ಹೊರಗೆ, ಮಡಿ-ಮೈಲಿಗೆಯ ನೆಪಕ್ಕೆ ಎಡೆಯಿಲ್ಲದಂತೆ, ಒಂದು ಕೊಠಡಿಯನ್ನು ಮೀಸಲಿಡಿರಿ. ಅದರ ಕೀಲಿ ಒಬ್ಬ ಶ್ರಾವಿಕೆಯ ಕೈಯಲ್ಲಿರಲಿ. ರಾತ್ರಿ ಕರೆದರೆ ಬರುವ ಒಂದು ವಾಹನವನ್ನು ಗೊತ್ತುಮಾಡಿರಿ. ಸಹಾಯವಾಣಿ 181, ತುರ್ತು ಕರೆ 112 ಮತ್ತು ಸಂರಕ್ಷಣಾಧಿಕಾರಿಯ ದೂರವಾಣಿಯನ್ನು ಸೂಚನಾಫಲಕದಲ್ಲಿ ಬರೆಯಿಸಿರಿ. ಆದಾಯದ ಮಿತಿಯಿಲ್ಲದೆ ಎಲ್ಲ ಸ್ತ್ರೀಯರಿಗೂ ಕಾನೂನು ಸೇವಾ ಸಮಿತಿಯಿಂದ ಉಚಿತ ವಕೀಲರು ದೊರೆಯುತ್ತಾರೆಂಬುದನ್ನು ಪರ್ವದ ದಿನಗಳಲ್ಲಿ ಸಾರಿರಿ. ಸದುದ್ದೇಶದಿಂದ ಮಾಹಿತಿ ಕೊಟ್ಟ ನೆರೆಯವರ ಮೇಲೆ ಯಾವ ಹೊಣೆಯೂ ಬಾರದೆಂಬುದನ್ನೂ ತಿಳಿಸಿರಿ. ಪಂಚಾಯ್ತಿಕೆಯನ್ನು ನಿಲ್ಲಿಸಿರಿ, ಮೊದಲು ಸುರಕ್ಷೆ, ಸಂಧಾನ ಆಮೇಲೆ, ಅದೂ ಆಕೆ ಬಯಸಿದರೆ. ಆ ಕೊಠಡಿ ಜೈನರಿಗೆ ಮಾತ್ರ ಎಂದು ಬರೆಯದಿರಿ. ರಬ್ಬರು ತೋಟದ ತಮಿಳು ಕಾರ್ಮಿಕಳಿಗೂ ಅದು ತೆರೆಯಲಿ, ಅಭಯಕ್ಕೆ ಮತವಿಲ್ಲ.

ಇದಕ್ಕೆ ಹಣವೆಲ್ಲಿ ಎಂದು ಕೇಳುವವರು ಕಳೆದ ಉತ್ಸವದ ಶಾಮಿಯಾನದ ಖರ್ಚನ್ನು ನೋಡಿಕೊಳ್ಳಲಿ. ಸಂಜೆ ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸಿ, ದೀಪಕ್ಕೆ ಹುಳು ಬೀಳದಂತೆ ಎಚ್ಚರ ವಹಿಸುವವರು ನಾವು. ಅದೇ ದೀಪದ ಬೆಳಕಿನಲ್ಲಿ ಮೈಮೇಲಿನ ಬಾಸುಂಡೆಯನ್ನು ಮುಚ್ಚಿಕೊಂಡು ಬಡಿಸುವವಳ ಕಡೆಗೂ ಒಮ್ಮೆ ಕಣ್ಣೆತ್ತಿ ನೋಡೋಣ.