ದೂರದ ಯಂತ್ರಗಳೂ ನಮ್ಮ ಮೇಜಿನ ಯಂತ್ರವೂ

ನಮ್ಮ ಶಾಲೆಯ ಕಂಪ್ಯೂಟರು ಕೊಠಡಿಯ ಹಳೆಯ ಯಂತ್ರಗಳನ್ನು ಬದಲಾಯಿಸುವ ಪ್ರಸ್ತಾಪವು ಈ ವರ್ಷ ಬಂದಾಗ, ಪೋಷಕರಲ್ಲಿ ಕೆಲವರು ಒಂದು ಸೂಚನೆಯನ್ನು ಕೊಟ್ಟರು. ಇನ್ನು ಮೇಲೆ ಯಂತ್ರಗಳನ್ನು ಕೊಳ್ಳುವುದು ಹಣವನ್ನು ಹೊಳೆಗೆ ಚೆಲ್ಲಿದಂತೆಯೇ ಸರಿ. ದೂರದಲ್ಲಿರುವ ಯಂತ್ರಗಳನ್ನು ಬಾಡಿಗೆಗೆ ಹಿಡಿದು ಜಾಲದ ಮೂಲಕ ಕೆಲಸ ಮಾಡಿಸಬಹುದಲ್ಲವೇ, ಎಂದು. ಈ ಮಾತು ತಳ್ಳಿಹಾಕತಕ್ಕದ್ದಲ್ಲ. ಪೂರ್ತಿಯಾಗಿ ಒಪ್ಪತಕ್ಕದ್ದೂ ಅಲ್ಲವೆಂಬುದು ನನ್ನ ಅಭಿಪ್ರಾಯ.

ದೂರದ ಯಂತ್ರಗಳ ಬಲವೆಷ್ಟೆಂಬುದಕ್ಕೆ ಒಂದು ನಿದರ್ಶನವನ್ನು ಕೊಡುವೆನು. ಜಿಂಪ್ಸ್ ಎಂಬ ಕೂಟವು 1996ರಿಂದ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕುತ್ತ ಬಂದಿದೆ. ಬಹುಕಾಲದವರೆಗೂ ಸದಸ್ಯರ ಸಾಧಾರಣ ಮೇಜಿನ ಯಂತ್ರಗಳೇ, ಬಿಡುವಿನ ಹೊತ್ತಿನಲ್ಲಿ ದುಡಿದು, ಹೊಸ ಸಂಖ್ಯೆಗಳನ್ನು ಕಂಡುಹಿಡಿದವು. 2024ರಲ್ಲಿ ಲ್ಯೂಕ್ ಡ್ಯುರಾಂಟ್ ಎಂಬವರು 17 ದೇಶಗಳಲ್ಲಿ ಹರಡಿದ ಸಾವಿರಾರು ಬಾಡಿಗೆಯ ಚಿಪ್ಪುಗಳನ್ನು ಈ ಕೆಲಸಕ್ಕೆ ಹೂಡಿದರು. ಅಕ್ಟೋಬರ್ 11ರಂದು ಐರ್ಲೆಂಡಿನ ಡಬ್ಲಿನ್ ನಗರದ ಒಂದು ಚಿಪ್ಪು ಸಂಖ್ಯೆಯೊಂದನ್ನು ಸೂಚಿಸಿತು; ಮರುದಿನ ಅಮೆರಿಕದ ಸ್ಯಾನ್ ಆಂಟೋನಿಯೋದಲ್ಲಿದ್ದ ಮತ್ತೊಂದು ಅದನ್ನು ದೃಢಪಡಿಸಿತು. 13,62,79,841 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದ ಲಬ್ಧದಲ್ಲಿ ಒಂದನ್ನು ಕಳೆದರೆ ಆ ಸಂಖ್ಯೆ ದೊರೆಯುವುದು. ಅದರಲ್ಲಿ 4,10,24,320 ಅಂಕಿಗಳಿವೆ. ತಮಗೆ ಸಲ್ಲುವ 3,000 ಡಾಲರಿನ ಬಹುಮಾನವನ್ನು ತಾವು ಓದಿದ ಪ್ರೌಢಶಾಲೆಯ ಗಣಿತ ವಿಭಾಗಕ್ಕೆ ಕೊಡುವುದಾಗಿ ಅವರು ತಿಳಿಸಿದರು. (ನಮ್ಮ ಹಳೆಯ ವಿದ್ಯಾರ್ಥಿನಿಯರು ಈ ವಾಕ್ಯವನ್ನು ಎರಡು ಸಲ ಓದಿದರೆ ನನಗೆ ಬೇಸರವಿಲ್ಲ.)

ಆದರೆ ಇಲ್ಲಿ ಗಮನಿಸತಕ್ಕ ವಿಷಯವೊಂದುಂಟು. ಒಂದೊಂದು ಸಂಖ್ಯೆಯ ಪರೀಕ್ಷೆಯೂ ಬೇರೆಬೇರೆಯಾದುದರಿಂದಲೇ ಈ ಕೆಲಸವನ್ನು ದೇಶದೇಶಗಳಿಗೆ ಹಂಚಲು ಸಾಧ್ಯವಾಯಿತು. ಒಂದೇ ಸಂಖ್ಯೆಯ ಪರೀಕ್ಷೆಯನ್ನಾದರೋ ಹಾಗೆ ಹಂಚಲಾಗದು. ಹಿಂದಿನ ಹೆಜ್ಜೆಯ ಉತ್ತರವು ಕೈಗೆ ಬಾರದೆ ಮುಂದಿನ ಹೆಜ್ಜೆಯನ್ನಿಡುವಂತಿಲ್ಲ. ಹತ್ತು ಮಂದಿ ಹೆಂಗಸರು ಹತ್ತು ಮೊರದ ಅಕ್ಕಿಯನ್ನು ಒಟ್ಟಿಗೆ ಆರಿಸಬಹುದು. ಅವರೆಲ್ಲರೂ ಒಂದೇ ಒಲೆಯ ಮುಂದೆ ಕುಳಿತರೆ ಅನ್ನವು ಹತ್ತುಪಟ್ಟು ಬೇಗ ಬೇಯುವುದಿಲ್ಲ.

ನಮ್ಮ ಹುಡುಗಿಯರು ಮಾಡುವ ಕೆಲಸವಾದರೂ ಏನು? ಪ್ರಬಂಧ, ಲೆಕ್ಕದ ಪಟ್ಟಿ, ಮೊದಮೊದಲ ಪ್ರೋಗ್ರಾಮುಗಳು. ಇವಕ್ಕೆ ಡಬ್ಲಿನ್ನಿನ ನೆರವು ಬೇಡ. ಕಳೆದ ವರ್ಷ ರಸ್ತೆ ಅಗೆಯುವವರು ತಂತಿಯನ್ನು ಕಡಿದು ಮೂರು ದಿನ ಜಾಲವು ನಿಂತುಹೋದಾಗ, ಮೇಜಿನ ಯಂತ್ರಗಳಿದ್ದುದರಿಂದಲೇ ಪಾಠ ನಡೆಯಿತು. ಅದೇ ವರ್ಷ ಒಂದು ಯಂತ್ರವು ಕೆಟ್ಟು, ಒಂಬತ್ತನೆಯ ತರಗತಿಯವರು ಒಂದು ತಿಂಗಳು ಬರೆದುದೆಲ್ಲ ಅಳಿದುಹೋದುದೂ ನಿಜ. ದೂರದಲ್ಲಿ ಒಂದು ಪ್ರತಿ ಇದ್ದಿದ್ದರೆ ಆ ಮಕ್ಕಳು ಅಳಬೇಕಾಗಿರಲಿಲ್ಲ. ಆ ತಪ್ಪು ನನ್ನದೇ.

ಇನ್ನೊಂದು ಮಾತು. ದೂರದ ಯಂತ್ರಗಳ ಏರ್ಪಾಟಿಗೆ 'ಕ್ಲೌಡ್' ಎಂದು ಹೆಸರು. ನಮ್ಮಲ್ಲಿ ಒಬ್ಬಳು ಅವು ನಿಜವಾಗಿಯೂ ಆಕಾಶದಲ್ಲಿರುವುವೆಂದೇ ತಿಳಿದಿದ್ದಳು. ಆ ಹೆಸರನ್ನಿಟ್ಟವರನ್ನು ನಾನಿನ್ನೂ ಕ್ಷಮಿಸಿಲ್ಲ. ಅವು ನೆಲದ ಮೇಲಿನ ಕಟ್ಟಡಗಳಲ್ಲಿಯೇ ಇದ್ದು, ಹೇರಳವಾಗಿ ವಿದ್ಯುತ್ತನ್ನು ಬೇಡುತ್ತವೆ. ಒಮ್ಮೆಯಾದರೂ ಮೇಜಿನ ಯಂತ್ರದ ಮುಚ್ಚಳವನ್ನು ತೆಗೆದು ಒಳಗೇನಿದೆಯೆಂದು ನೋಡಿದ ಹುಡುಗಿಗೆ ಈ ಭ್ರಮೆ ಉಂಟಾಗದು.

ಆದುದರಿಂದ ಹನ್ನೆರಡು ಸಾಧಾರಣ ಯಂತ್ರಗಳನ್ನು ಕೊಳ್ಳುವುದೆಂದೂ, ಬರೆದುದರ ಪ್ರತಿಯನ್ನು ಪ್ರತಿ ಸಂಜೆ ದೂರದಲ್ಲಿ ಇರಿಸುವುದೆಂದೂ, ಬಾಡಿಗೆಯ ಯಂತ್ರಗಳನ್ನು ಹತ್ತನೆಯ ತರಗತಿಯವರಿಗೆ ಮಾತ್ರ ಕೆಲವು ವಾರ ತೋರಿಸುವುದೆಂದೂ ಸಮಿತಿಯ ಮುಂದೆ ಇಡಲಿದ್ದೇನೆ. ಭಿನ್ನಾಭಿಪ್ರಾಯವುಳ್ಳ ಪೋಷಕರು ಸಭೆಗೆ ಮುಂಚೆ ನನಗೆ ಬರೆದು ತಿಳಿಸಬೇಕಾಗಿ ಕೋರುತ್ತೇನೆ.