ತೊರಕೆಯ ಮುಳ್ಳು, ನಸುಗುನ್ನಿಯ ರೋಮ

ಘಟ್ಟದ ಮೇಲಿನ ಮನ್ಮನೆಯ ಕಡೆ ಸೊಪ್ಪಿನ ಬೆಟ್ಟಕ್ಕೆ ಹೋಗುವವರಿಗೆ, ಮೈಗೆ ತಗುಲಿದರೆ ತುರಿಸುವ ನಸುಗುನ್ನಿಯ ಅಂಜಿಕೆಯನ್ನು ಪರಿಚಯಿಸಬೇಕಿಲ್ಲ. ಘಟ್ಟ ಇಳಿದರೆ ಕುಮಟಾ, ಹೊನ್ನಾವರದ ಮೀನುಗಾರರಿಗೆ ಅದೇ ಅಂಜಿಕೆ ತೊರಕೆ ಮೀನಿನ ಬಾಲದ ಮುಳ್ಳಿನದು. ಒಂದು ಅವರೆಯ ಕುಟುಂಬದ ಬಳ್ಳಿ, ಇನ್ನೊಂದು ಶಾರ್ಕಿನ ದಾಯಾದಿ. ಎತ್ತಣಿಂದೆತ್ತಣ ಸಂಬಂಧ ಅನ್ನಿಸಬಹುದು. ಸಂಬಂಧವೇನೂ ಇಲ್ಲ, ನಿಜ. ಆದರೆ ಆಯುಧದ ರಚನೆಯಲ್ಲಿ ಹೋಲಿಕೆ ಇದೆ.

ನಾಗರಹಾವು ಕಚ್ಚಿದಾಗ ಸ್ನಾಯು ಗ್ರಂಥಿಯನ್ನು ಹಿಂಡಿ, ಹಲ್ಲಿನ ಮೂಲಕ ವಿಷವನ್ನು ಒಳಗೆ ದೂಡುತ್ತದೆ. ಇವೆರಡಕ್ಕೂ ಅಂಥ ಏರ್ಪಾಡಿಲ್ಲ. ತೊರಕೆಯ ಮುಳ್ಳಿನ ಎರಡೂ ಅಂಚಿಗೆ ಹಿಮ್ಮುಖವಾದ ಹಲ್ಲುಗಳು, ಅಡಿಯಲ್ಲಿ ಎರಡು ತೋಡು, ತೋಡಿನಲ್ಲಿ ವಿಷದ ಅಂಗಾಂಶ, ಎಲ್ಲದರ ಮೇಲೆ ತೆಳು ಪೊರೆ. ಚುಚ್ಚಿದಾಗ ಪೊರೆ ಹರಿದು ವಿಷ ಗಾಯಕ್ಕೆ ಸೇರುತ್ತದೆ, ಅಷ್ಟೇ. ಮರಳಿನಲ್ಲಿ ಹುದುಗಿ ಮಲಗುವ ಈ ಮೀನು ಬೆನ್ನಟ್ಟಿ ಬರುವುದಿಲ್ಲ. ತುಳಿದರೆ ಬಾಲ ಬೀಸುತ್ತದೆ. ಆಳವಿಲ್ಲದ ನೀರಿನಲ್ಲಿ ಕಾಲೆತ್ತಿ ಇಡದೆ ಎಳೆಯುತ್ತ ನಡೆದರೆ ಅದೇ ಸರಿದುಹೋಗುತ್ತದೆ.

ನಸುಗುನ್ನಿಗೆ ಬೀಸಲು ಬಾಲವೂ ಇಲ್ಲ. ಒಣಗಿದ ಕಾಯಿಯಿಂದ ಉದುರುವ ರೋಮವನ್ನು ಗಾಳಿಯೇ ಹೊತ್ತು ತರುತ್ತದೆ. ರೋಮದೊಳಗಿನ ಮ್ಯುಕುನೇನ್ ಎಂಬುದು ಪ್ರೋಟೀನನ್ನು ಕತ್ತರಿಸುವ ಕಿಣ್ವ. ಅದು ನಮ್ಮ ಜೀವಕೋಶಗಳ ಮೇಲಿನ ಕೆಲವು ಗ್ರಾಹಕಗಳನ್ನು ಕತ್ತರಿಸಿ ಎಚ್ಚರಿಸುತ್ತದೆ ಎಂದು 2008ರಲ್ಲಿ ಸಂಶೋಧಕರು ತೋರಿಸಿದರು. ಪಿತ್ತಗಂಧೆಯ ತುರಿಕೆಗೆ ಹಿಸ್ಟಮಿನ್ ಕಾರಣ. ನಸುಗುನ್ನಿಯ ತುರಿಕೆಯ ದಾರಿ ಬೇರೆ. ಹಿಸ್ಟಮಿನನ್ನು ತಡೆಯುವ ಅಲರ್ಜಿ ಮಾತ್ರೆ ನುಂಗಿದರೂ ಈ ತುರಿಕೆ ಅಷ್ಟಾಗಿ ಬಗ್ಗದಿರುವುದು ಅದಕ್ಕೇ.

ಎರಡರ ವಿಷದಲ್ಲೂ ಮುಖ್ಯವಾದದ್ದು ಪ್ರೋಟೀನು, ಹೀಗಾಗಿ ಶಾಖಕ್ಕೆ ಕೆಡುತ್ತದೆ. ಕುದಿಸಿದ ನಸುಗುನ್ನಿ ರೋಮ ತುರಿಸುವುದಿಲ್ಲ. ಹಾಗಂತ ಮೈಯನ್ನು ಕುದಿಸಲಾದೀತೇ? ಸುಮ್ಮನೆ ಉಜ್ಜಿಕೊಂಡರೆ ರೋಮ ಇನ್ನಷ್ಟು ನಾಟಿ, ಬೇರೆಡೆಗೂ ಹರಡುತ್ತದೆ. ಸಗಣಿ ಬಳಿದು ಒಣಗಿಸುವ ಹಳೆಯ ಉಪಾಯ ರೋಮವನ್ನು ಹಿಡಿದೆಳೆಯಬಹುದು, ಆದರೆ ಗೀರಿದ ಚರ್ಮಕ್ಕೆ ಅದು ತಕ್ಕದ್ದಲ್ಲ. ಅಂಟುಪಟ್ಟಿ ಒತ್ತಿ ಕೀಳುವುದು ಮೇಲು.

ತೊರಕೆ ಚುಚ್ಚಿದರೆ ಮಾತ್ರ ಬಿಸಿನೀರು ನಿಜಕ್ಕೂ ಕೆಲಸಕ್ಕೆ ಬರುತ್ತದೆ. ತಾಳುವಷ್ಟು ಬಿಸಿ, ಸುಮಾರು 45 ಡಿಗ್ರಿ ಸೆಲ್ಸಿಯಸ್ ಮೀರದ ನೀರಿನಲ್ಲಿ ಕಾಲಿಟ್ಟರೆ ಹಲವರಿಗೆ ನೋವು ಇಳಿಯುತ್ತದೆ. ಮುರಿದ ಮುಳ್ಳಿನ ಚೂರು ಒಳಗೇ ಉಳಿದು ಗಾಯ ಕೀವಾಗುವುದುಂಟು, ಆದ್ದರಿಂದ ನೋವು ಇಳಿದರೂ ಆಸ್ಪತ್ರೆಗೆ ಹೋಗಲೇಬೇಕು. ಎದೆಗೋ ಹೊಟ್ಟೆಗೋ ನಾಟಿದ ಮುಳ್ಳನ್ನಂತೂ ದಾರಿಯಲ್ಲಿ ಯಾರೂ ಕೀಳಬಾರದು. ಆಸ್ಟ್ರೇಲಿಯಾದ ವನ್ಯಜೀವಿ ಕಾರ್ಯಕ್ರಮಗಳ ನಿರೂಪಕ ಸ್ಟೀವ್ ಇರ್ವಿನ್ 2006ರಲ್ಲಿ ತೀರಿಕೊಂಡದ್ದು ಎದೆಗೆ ತಗುಲಿದ ಇಂಥ ಏಟಿನಿಂದ.