ಮೂದಲಿಕೆಗೆ ತಮಾಷೆಯೆಂಬ ಹೆಸರೇ?

ಪವಿತ್ರ ಕುರ್‌ಆನಿನ 104ನೇ ಅಧ್ಯಾಯವಾದ ‘ಅಲ್ ಹುಮಝ’ ನಮ್ಮ ಮಕ್ಕಳಿಗೂ ಬಾಯಿಪಾಠ. ಇರುವುದು ಕೇವಲ 9 ಸೂಕ್ತಗಳು. ಮೊದಲ ಸೂಕ್ತವೇ ‘ಹುಮಝ’ ಮತ್ತು ‘ಲುಮಝ’ರಿಗೆ ವಿನಾಶದ ಎಚ್ಚರಿಕೆ ನೀಡುತ್ತದೆ. ನಮಾಝಿನಲ್ಲಿ ಅದನ್ನು ಓದಿ ಸಲಾಮ್ ಹೇಳಿದ ಮರುಕ್ಷಣವೇ ನಾವು ಅದೇ ಕೆಲಸಕ್ಕಿಳಿಯುತ್ತೇವೆ.

‘ಹಮ್ಝ್’ ಎಂದರೆ ಮೂಲತಃ ಒತ್ತುವುದು, ಚುಚ್ಚುವುದು. ‘ಲಮ್ಝ್’ ಎಂದರೆ ಕುಂದು ಹುಡುಕಿ ಹಂಗಿಸುವುದು; ಅದಕ್ಕೆ ನಾಲಗೆಯೇ ಬೇಕೆಂದಿಲ್ಲ, ಕಣ್ಣಸನ್ನೆಯೂ ಸಾಕು. ಇವುಗಳಲ್ಲಿ ಎದುರಿಗೆ ನಿಂದಿಸುವುದು ಯಾವುದು, ಬೆನ್ನ ಹಿಂದೆ ನಿಂದಿಸುವುದು ಯಾವುದು ಎಂಬ ಬಗ್ಗೆ ವ್ಯಾಖ್ಯಾನಕಾರರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ಈ ಪದಗಳ ರೂಪವು ಒಮ್ಮೆ ಬಾಯಿತಪ್ಪಿದವನನ್ನಲ್ಲ, ಅದನ್ನೇ ಚಾಳಿಯಾಗಿಸಿಕೊಂಡವನನ್ನು ಸೂಚಿಸುತ್ತದೆ.

ಅದು ಮಕ್ಕಾದ ಅಹಂಕಾರಿಗಳ ಕುರಿತಾದದ್ದೆಂದು ಕೆಲವರು ನುಣುಚಿಕೊಳ್ಳುತ್ತಾರೆ. ಹಾಗಾದರೆ 49ನೇ ಅಧ್ಯಾಯದ 11ನೇ ಸೂಕ್ತ ಯಾರಿಗೆ? ಅಲ್ಲಿ ಅಲ್ಲಾಹನು ಸತ್ಯವಿಶ್ವಾಸಿಗಳನ್ನೇ ಕರೆದು, ಗೇಲಿಯನ್ನೂ ಅಡ್ಡಹೆಸರನ್ನೂ ನಿಷೇಧಿಸುತ್ತಾನೆ. ಅಲ್ಲಿಯೂ ‘ಲಮ್ಝ್’ ಪದವೇ ಇದೆ. ಪರಸ್ಪರ ಹಂಗಿಸಬೇಡಿ ಎನ್ನಲು ‘ನಿಮ್ಮನ್ನೇ’ ಹಂಗಿಸಿಕೊಳ್ಳಬೇಡಿ ಎಂಬ ರೀತಿಯಲ್ಲಿ ಅದನ್ನು ಬಳಸಲಾಗಿದೆ. ಸಹೋದರನಿಗೆ ಮಾಡಿದ ಅವಮಾನ ತನಗೇ ಮಾಡಿಕೊಂಡ ಅವಮಾನವಲ್ಲವೇ?

ಸೊಸೆ ತವರಿನಿಂದ ತಂದ ಚಿನ್ನವನ್ನು ನೆಂಟರೆದುರು ಎಣಿಸಿ ನಗುವವರು 104ನೇ ಅಧ್ಯಾಯದ ಎರಡನೆಯ ಸೂಕ್ತವನ್ನು ಗಮನಿಸಲಿ. ನಿಂದಕನ ಬೆನ್ನಿಗೇ ಅಲ್ಲಿ ಬರುವವನು ಸಂಪತ್ತನ್ನು ಕೂಡಿಟ್ಟು ಎಣಿಸುವವನು. ಮಗಳ ಮೈಬಣ್ಣ, ಮಗನ ಪರೀಕ್ಷೆಯ ಅಂಕ, ಮಕ್ಕಳಿಲ್ಲದವಳ ನೋವು ಎಲ್ಲವೂ ನಮ್ಮ ಮನೆಗಳಲ್ಲಿ ತಮಾಷೆಯ ವಸ್ತುಗಳಾಗಿವೆ. ಕೇಳಿದರೆ, ತಿದ್ದುವುದಕ್ಕಾಗಿ ಹೇಳಿದೆವು ಎನ್ನುತ್ತೇವೆ. ತಿದ್ದುವವನು ಏಕಾಂತದಲ್ಲಿ ಹೇಳುತ್ತಾನೆ. ಮೂದಲಿಸುವವನಿಗೆ ಮಾತ್ರ ಪ್ರೇಕ್ಷಕರು ಬೇಕು.

ಅಬೂದರ್ರ್(ರ) ಅವರು ಒಬ್ಬರನ್ನು ತಾಯಿಯ ಹೆಸರೆತ್ತಿ ಹೀಯಾಳಿಸಿದಾಗ, ನಿಮ್ಮಲ್ಲಿ ಇನ್ನೂ ಅಜ್ಞಾನಕಾಲದ ಗುಣ ಉಳಿದಿದೆಯೆಂದು ಪ್ರವಾದಿವರ್ಯರು(ಸ) ಗದರಿದ್ದನ್ನು ಸಹೀಹ್ ಬುಖಾರಿ ದಾಖಲಿಸಿದೆ. ಅಂತಹ ಮಹಾನ್ ಸಹಾಬಿಗೇ ಸಿಗದ ವಿನಾಯಿತಿ ನಮಗೆ ಸಿಕ್ಕೀತೇ?

ಹೊರಗಿನವರು ನಮ್ಮನ್ನು ನಿಂದಿಸಿದಾಗ ನಾವು ನೋಯುತ್ತೇವೆ; ಆ ನೋವು ನ್ಯಾಯವಾದುದೇ. ಆದರೆ ಅದೇ ನೋವನ್ನು ಮನೆಯೊಳಗೆ ಹಂಚುವ ಹಕ್ಕು ನಮಗಿಲ್ಲ. ನೊಂದವರು ನಮ್ಮ ಮನೆಯಲ್ಲೇ ಇದ್ದಾರೆ. ಇಂದೇ ಅವರ ಬಳಿ ಹೋಗಿ ಕ್ಷಮೆ ಕೇಳೋಣ. ಅಲ್ಲಾಹನು ನಮ್ಮ ನಾಲಗೆಗಳನ್ನು ಶುದ್ಧಗೊಳಿಸಲಿ, ಆಮೀನ್.